ಚಿಮಣಿಯ ಹಿಂದಿನ ಗುಂಡು

ಕಾಶೀನಾಥ ಮಾಡುವ ಪುಟ್ಟ ಮಾದರಿ ಹಡಗುಗಳನ್ನು ಕಂಡರೆ ತ್ಯಾಗರಾಜನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನಾಸಿಕದ ಹತ್ತಿರ ಓಝರ್‌ನ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುವ ತಾನೆಲ್ಲಿ, ಸಂಭಾಜಿನಗರದ ಶೇಂದ್ರಾದಲ್ಲಿ ಬಿಸ್ಕತ್ತಿನ ಡಬ್ಬ ಮಾಡಿಸುವ ಅವನೆಲ್ಲಿ! ಆದರೂ ಅಲ್ಲಿನ ಕನ್ನಡ ಸಂಘದ ಗಾಜಿನ ಕಪಾಟಿನಲ್ಲಿ, ವರ್ಷದ ಸ್ಪರ್ಧೆಯಲ್ಲಿ ಗೆದ್ದ ಒಂದೇ ಮಾದರಿಗೆ ಸಿಗುವ ಜಾಗದಲ್ಲಿ, ಮೂರು ವರ್ಷದಿಂದ ಕೂತದ್ದು ಅವನ ಹಡಗೇ.

ಈ ಸಲ ಕಾಶೀನಾಥ ಎರಡನೇ ಮಹಾಯುದ್ಧದ ಒಂದು ಡೆಸ್ಟ್ರಾಯರ್ ಯುದ್ಧನೌಕೆ ಮಾಡುತ್ತಿದ್ದಾನೆಂದು ಸುದ್ದಿ ಬಂದದ್ದೇ ತಡ, ತ್ಯಾಗರಾಜನೂ ಅದೇ ಹಡಗಿಗೆ ಕೈಹಾಕಿದ. ಎಂಟು ತಿಂಗಳು ಹಳೇ ಫೋಟೋಗಳಿಗೆ ಭೂತಗನ್ನಡಿ ಹಿಡಿದು, ಡೆಕ್ಕಿನ ಮೇಲಿನ ಹಗ್ಗದ ಉರುಳೆ, ಗಾಳಿಕೊಳವೆ, ಲಂಗರಿನ ಸರಪಳಿಗಳನ್ನೆಲ್ಲ ಎಣಿಸಿ ಕೂರಿಸಿದ.

ಸ್ಪರ್ಧೆಯ ಭಾನುವಾರ ನಾಸಿಕದಿಂದ ಮೊದಲ ಬಸ್ಸು ಹಿಡಿದು, ಹಡಗಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ನೇರ ಕಾಶೀನಾಥನ ಮನೆಗೇ ಹೋದ. ಸ್ನೇಹ ನೆಪ, ಕಣ್ಣು ಹಡಗಿನ ಮೇಲೆ. ಅಂದು ಏಕಾದಶಿ. ಪಕ್ಕದ ಮನೆಯ ಮರಾಠಿಯವರನ್ನು ನೋಡಿ ಉಪವಾಸ ಹಿಡಿದಿದ್ದ ಕಾಶೀನಾಥ, ಒಂದು ಕೈಯಲ್ಲಿ ಉಪವಾಸದ ಖಿಚಡಿ ತಟ್ಟೆ, ಇನ್ನೊಂದರಲ್ಲಿ ಬಣ್ಣದ ಕುಂಚ ಹಿಡಿದು ಕೂತಿದ್ದ. ತಿಂದು ಮುಗಿಸಿ ಅಂಗಿ ಬದಲಿಸಲು ಒಳಗೆ ಹೋದ.

ತ್ಯಾಗರಾಜ ಹಡಗಿಗೆ ಮೂಗು ತಾಗಿಸಿದ. ಎರಡನೇ ಚಿಮಣಿಯ ಹಿಂದೆ ಮಣಿಯಂಥ ಒಂದು ಸಣ್ಣ ಗುಂಡು. ತನ್ನ ಒಂದು ಫೋಟೋದಲ್ಲೂ ಇಲ್ಲದ್ದು. ಇವನಿಗೆ ಯಾವ ಪುಸ್ತಕ ಸಿಕ್ಕಿತು, ಯಾರು ಕೊಟ್ಟರು? ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಂಡ.

ಕಾಶೀನಾಥನ ಹೆಂಡತಿ ಭುವನೇಶ್ವರಿಯಿಂದ ಒಂದು ಗುಂಡುಸೂಜಿ ಇಸಕೊಂಡು, ತನ್ನ ಹಡಗಿನ ಸಮೇತ ಬಚ್ಚಲು ಸೇರಿ ಚಿಲಕ ಹಾಕಿದ. ಸೂಜಿಯ ತಲೆ ಕತ್ತರಿಸಿ, ಬಣ್ಣ ಬಳಿದು ತನ್ನ ಚಿಮಣಿಯ ಹಿಂದೆ ಅಂಟಿಸಿದ. ಗುಂಡಿನ ಜೊತೆ ಹೆಬ್ಬೆರಳೂ ಅಂಟಿಕೊಂಡಿತು. ಅದನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಅರ್ಧ ಗಂಟೆಯಾಗಿ, ಹೊಟ್ಟೆ ಕೆಟ್ಟಿರಬೇಕೆಂದು ಭುವನೇಶ್ವರಿ ಬಾಗಿಲಾಚೆ ಓಮಿನ ನೀರು ಹಿಡಿದು ನಿಂತಿದ್ದಳು. ಅವನು ಲೋಟ ಇಸಕೊಂಡು ಕುಡಿದ.

ಸಂಜೆ ಸಂಘದಲ್ಲಿ ತೀರ್ಪುಗಾರರಾಗಿ ಬಂದವರು ಧರ್ಮಣ್ಣ, ನೌಕಾಪಡೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದವರು. ಎರಡು ಹಡಗೂ ಅಕ್ಕಪಕ್ಕ. ಕಾಶೀನಾಥನದರಲ್ಲಿ ಆ ಗುಂಡೇ ಇಲ್ಲ! ಏನೋ ಕಿತಾಪತಿ ಇದೆ ಅನ್ನಿಸಿದರೂ ತ್ಯಾಗರಾಜ ತನ್ನ ಗುಂಡಿನತ್ತ ಬೆರಳು ತೋರಿಸಿ ಬಾಯಿ ಬಿಟ್ಟಾಗಿತ್ತು.

"ಇದು ಸಾರ್, ಯುದ್ಧದ ನಡುವೆ ರಿಪೇರಿಗೆ ನಿಂತಾಗ ಹಾಕಿದ ಗಾಳಿಕೊಳವೆ. ತುಂಬಾ ಜನಕ್ಕೆ ಗೊತ್ತೇ ಇಲ್ಲ."

ಗೊತ್ತಿಲ್ಲದವರ ಸಾಲಿಗೆ ಸೇರಲು ಧರ್ಮಣ್ಣನವರಿಗೆ ಇಷ್ಟವಿರಲಿಲ್ಲ. "ಹೌದ್ರಿ. ಇಂಥಾದರ ಬುಡಕ್ಕ ಕುಂತು ನಾ ಎಷ್ಟು ಉಳ್ಳಾಗಡ್ಡಿ ಹೆಚ್ಚೀನಿ," ಎಂದು ಮೊದಲ ಬಹುಮಾನ ಬರೆದೇಬಿಟ್ಟರು. ತ್ಯಾಗರಾಜನ ಹಡಗು ಗಾಜಿನ ಕಪಾಟು ಸೇರಿತು.

ಗೆದ್ದರೂ ಜೀವಕ್ಕೆ ಸಮಾಧಾನವಿಲ್ಲ. ಹಾಕಿದ ಗುಂಡನ್ನು ಅವನು ಕಿತ್ತದ್ದೇಕೆ? ಇನ್ನೂ ಹೊಸ ಪುಸ್ತಕ ಸಿಕ್ಕಿತೇ? ತಡೆಯಲಾರದೆ ಕಾಶೀನಾಥನನ್ನು ಮೂಲೆಗೆ ಕರೆದು ಮೊಬೈಲು ತೋರಿಸಿದ. ಕಾಶೀನಾಥನಿಗೆ ತಲೆಬುಡ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಭುವನೇಶ್ವರಿಯೇ ಇಣುಕಿ ನೋಡಿದಳು.

"ಅಯ್ಯ, ಅದು ಖಿಚಡ್ಯಾಗಿನ ಸಾಬೂದಾಣಿ, ಸಬ್ಬಕ್ಕಿ ಕಾಳು. ಇವರ ತಟ್ಟಿಯಿಂದ ಬಿದ್ದಿತ್ತು, ನಾನೇ ಒರಿಸಿ ತಗದೆ."

ಕಾಶೀನಾಥ ಒಮ್ಮೆ ಕಪಾಟಿನತ್ತ, ಒಮ್ಮೆ ತ್ಯಾಗರಾಜನತ್ತ ನೋಡಿದ. ನಗು ತಡೆಯಲು ಹೋಗಿ ಮೀಸೆ ಅದುರುತ್ತಿತ್ತು.

ಅಷ್ಟರಲ್ಲಿ ಧರ್ಮಣ್ಣ ಮೈಕು ಹಿಡಿದರು. "ತ್ಯಾಗರಾಜ ಅವರು ವೇದಿಕಿಗೆ ಬರ್ರಿ. ಆ ಗುಂಡು ನಿಮಗ ಎಲ್ಲಿ ಸಿಕ್ತು, ಹೆಂಗ ಹುಡುಕಿದ್ರಿ, ಎಲ್ಲಾರಿಗೂ ವಿವರವಾಗಿ ಹೇಳ್ರಿ."

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಕಾಶೀನಾಥ.