ಬೋಟ್ ಖಾಲಿ ಆಹೆ

ಮರಾಠಿಯನ್ನು ಈ ಕಮಲಾಕ್ಷನಷ್ಟು ಸೊಗಸಾಗಿ ಮಾತಾಡುವ ಉಡುಪಿಯವನು ಈ ಮುಂಬೈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂದು ಕಳೆದ ಮೇ ತಿಂಗಳವರೆಗೂ ನಾನು ನಂಬಿದ್ದೆ. ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕೂತು ಸಂಪಾದಿಸಿದ ವಿದ್ಯೆ ಅದು! ಹಾಗಾಗಿ ನನ್ನ ಹೆಂಡತಿ ಹರಿಣಾಕ್ಷಿಯ ಅಣ್ಣ ದೇಜಪ್ಪ ಭಾವ ಊರಿಗೆ ಹೊರಡುವ ದಿನ ಬೆಳಿಗ್ಗೆ ಘೋಷಿಸಿಯೇ ಬಿಟ್ಟೆ: ಭಾವನಿಗೆ ದ್ವೀಪದ ಕೋಟೆ ತೋರಿಸಿಯೇ ಬಸ್ ಹತ್ತಿಸುವುದು.

ಭಾವ ನಾಲ್ಕು ದಿನಕ್ಕೆಂದು ಬಂದು ಐರೋಲಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಹದಿನೆಂಟು ದಿನ ಕಳೆದಿದ್ದರು. ಮಂಚ ಅವರದು, ರಿಮೋಟ್ ಅವರದು, ನೆಲ ನನ್ನದು. ಸಾನಪಾಡಾದಿಂದ ಸಂಜೆ ಆರಕ್ಕೆ ಅವರ ಬಸ್. ಆ ಬಸ್ಸಿನ ಮೇಲೆ ನಾನಿಟ್ಟ ಭಕ್ತಿಯನ್ನು ದೇವರ ಮೇಲಿಟ್ಟಿದ್ದರೆ ಮೋಕ್ಷವೇ ಸಿಗುತ್ತಿತ್ತು.

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನಡುವಿನ ಆ ಕೋಟೆಯನ್ನು ದುರಸ್ತಿ ಮಾಡಿ, ಒಳಗೆ ಮ್ಯೂಸಿಯಂ, ಸುತ್ತ ಹೂದೋಟ ಮಾಡಿದ್ದಾರೆ. ಭಾವ ಒಂದೊಂದು ಫಿರಂಗಿಯನ್ನೂ ಹಲಸಿನಹಣ್ಣು ತಟ್ಟಿ ನೋಡುವಂತೆ ತಟ್ಟುತ್ತಿದ್ದರು. ಮೂರೂವರೆಗೆ ಹರಿಣಾಕ್ಷಿ ಅವಸರ ಮಾಡಿದಳು. ಅವರಿಬ್ಬರನ್ನು ಫಿರಂಗಿಯ ಬಳಿ ಬಿಟ್ಟು, ಬುರುಜಿನ ಮೇಲಿದ್ದ ವಾಚ್‌ಮನ್ ಹತ್ತಿರ ಹೋಗಿ ಕೊನೆಯ ಬೋಟಿನ ವಿಷಯ ಗತ್ತಿನಿಂದ ವಿಚಾರಿಸಿದೆ.

"ಶೇವಟಚಿ ಬೋಟ್ ಖಾಲಿ ಆಹೆ," ಎಂದ.

ಖಾಲಿ! ಗಲ್ಲಾದಲ್ಲಿ ದಿನಕ್ಕೆ ನೂರು ಸಲ ಕೇಳುವ ಶಬ್ದ. ಟೇಬಲ್ ಖಾಲಿ, ವಡೆ ಖಾಲಿ, ಸಾಂಬಾರ್ ಖಾಲಿ. ಕೊನೆಯ ಬೋಟಿಗೆ ಜನವೇ ಇಲ್ಲವಂತೆ, ನಮ್ಮನ್ನು ಬಿಟ್ಟು ಅದು ಯಾರನ್ನು ಹೊತ್ತುಕೊಂಡು ಹೋದೀತು ಎಂದು ಇಬ್ಬರಿಗೂ ಧೈರ್ಯ ಹೇಳಿ, ಮತ್ತೆ ಮ್ಯೂಸಿಯಂಗೆ ನುಗ್ಗಿಸಿದೆ. ಕತ್ತಿ, ಗುರಾಣಿ, ಒಡೆದ ಮಡಕೆ, ಎಲ್ಲಕ್ಕೂ ಇಲ್ಲದ ಇತಿಹಾಸ ಹಚ್ಚಿ ವಿವರಿಸಿದೆ. ಹರಿಣಾಕ್ಷಿ ಎರಡು ಸಲ ಗಡಿಯಾರ ತೋರಿಸಿದಳು. ಮರಾಠಿ ಬಾರದವರು ಸುಮ್ಮನಿರಬೇಕೆಂದು ಎರಡು ಸಲವೂ ಗದರಿದೆ.

ಹೊರಗೆ ಬಂದಾಗ ನಾಲ್ಕೂಕಾಲು. ಬೋಟ್ ತುಂಬಿ ತುಳುಕುತ್ತ ಖಾಡಿಯ ಮಧ್ಯೆ ಹೋಗುತ್ತಿತ್ತು. ವಾಚ್‌ಮನ್ ಓಡಿ ಬಂದು ಏನೇನೋ ಕೂಗಾಡಿದ. ಹರಿಣಾಕ್ಷಿ ಅವನೊಡನೆ ಮರಾಠಿಯಲ್ಲಿ ನೀರು ಕುಡಿದಷ್ಟು ಸುಲಭವಾಗಿ ಮಾತಾಡಿದಳು. ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರಿಂದ ಕಲಿತದ್ದಂತೆ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅದು ನನಗೆ ಹೊಸ ಸುದ್ದಿ.

"ಮರಾಠಿಯಲ್ಲಿ ಖಾಲಿ ಅಂದ್ರೆ ಕೆಳಗೆ ಮಾರಾಯ್ರೆ," ಎಂದಳು. "ಬೋಟ್ ಕೆಳಗೆ ನಿಂತಿದೆ, ಇಳಿದು ಹೋಗಿ ಅಂತ ಅವ ಹೇಳಿದ್ದು. ಖಾಲಿ ಇದ್ದದ್ದು ನಿಮ್ಮ ತಲೆ."

ಆರಕ್ಕೆ ಬಸ್ ಸಾನಪಾಡಾ ಬಿಟ್ಟಾಗ ನಾವು ಮೀನುಗಾರರ ದೋಣಿಯಲ್ಲಿ, ಬುಟ್ಟಿಗಳ ನಡುವೆ ಕೂತಿದ್ದೆವು. ಬಸ್ ಆಫೀಸಿಗೆ ಫೋನ್ ಮಾಡಿದರೆ, ಮದುವೆ ಸೀಸನ್, ಇನ್ನು ಸೀಟು ಸಿಗುವುದು ಹತ್ತು ದಿನ ಬಿಟ್ಟು ಎಂದರು. ನನಗೆ ನಿಜಕ್ಕೂ ಅಳು ಬಂತು. ಭಾವ ಅದನ್ನು ನೋಡಿ, ನನ್ನ ಬೆನ್ನು ಸವರಿ, ಊರಿನಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿದರು.

"ಎಂತ ಮಾಡುವುದು ಚಂಪಾ, ಕಮಲಾಕ್ಷ ಭಾವ ನನ್ನನ್ನು ಬಿಡುವುದೇ ಇಲ್ಲ. ನಿಲ್ಲಿಸಿಕೊಳ್ಳಬೇಕು ಅಂತ ಬೇಕಂತಲೇ ಬೋಟ್ ತಪ್ಪಿಸಿದ್ದಾರೆ, ಈಗ ಕಣ್ಣೀರು ಬೇರೆ ಹಾಕ್ತಿದ್ದಾರೆ. ಇಷ್ಟು ಪ್ರೀತಿ ಇರುವಾಗ ನಾನೊಬ್ಬನೇ ಯಾಕೆ, ನೀನೂ ಮಕ್ಕಳನ್ನು ಕರ್ಕೊಂಡು ಬಾ."