ಕ್ಲಾರಿನೆಟ್ ರಸೂಲ್ ಬದುಕಿರುವುದರ ಬಗ್ಗೆ ಆಕ್ಷೇಪಣೆ

ಒಗಟು: ಊದಿದರೆ ಇರುತ್ತಾನೆ, ಟಿಕೆಟ್ ಹರಿದರೆ ಸಾಯುತ್ತಾನೆ, ಮೂರು ಅರ್ಜಿ ತುಂಬಿದರೆ ಮದುವೆಗೆ ಬರುತ್ತಾನೆ. ಯಾರು? ತಲೆ ಕೆರೆದುಕೊಳ್ಳಬೇಡಿ, ನಿಮ್ಮಿಂದಾಗದು.

ತ್ಯಾವಣಿಗೆಯ ಬ್ಯಾಂಡ್‌ಸೆಟ್ ಕಲಾವಿದ, ನಾಲ್ಕು ತಾಲ್ಲೂಕಿಗೆ ಹೆಸರಾದ ಕ್ಲಾರಿನೆಟ್ ರಸೂಲ್ ಸಾಹೇಬರು ಕಳೆದ ಶುಕ್ರವಾರ ಮ್ಯಾಟಿನಿ ಆಟದಲ್ಲಿ ಸಂಜೆ ಐದೂ ಮುಕ್ಕಾಲಿಗೆ ನಿಧನರಾದರು. ಅದೇ ಹೊತ್ತಿಗೆ ಅವರು ಥಿಯೇಟರ್ ಎದುರಿನ ಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು.

ಅವರ ಜೀವನದ ಸಿನಿಮಾ ಮೊದಲ ಸಲ ತೋರಿಸಿದಾಗ ಹೀಗಿರಲಿಲ್ಲ. ಅದರ ಕೊನೆಯಲ್ಲಿ ರಸೂಲ್ ಊದಿ, ಉಂಡು, ಮನೆಗೆ ಹೋಗುತ್ತಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಶಾಖೆಗಳನ್ನೊಳಗೊಂಡ ಅವರ ಅಭಿಮಾನಿಗಳ ಸಂಘವು ಸಭೆ ಸೇರಿ "ತೃಪ್ತಿಯಾಗಿಲ್ಲ" ಎಂದು ಠರಾವು ಮಾಡಿತು. ಜಗಳೂರಿನವರು ಅಳಲೆಂದೇ ತಂದಿದ್ದ ಕರ್ಚೀಫುಗಳು ಒಣಗಿದ್ದು ಒಣಗಿದಂತೆಯೇ ವಾಪಸು ಹೋಗಿದ್ದವು. ನಿರ್ದೇಶಕರು ಹೆದರಿ, ರಸೂಲ್ ಕೆಮ್ಮುತ್ತಾ ಊದುತ್ತಾ ವೇದಿಕೆಯ ಮೇಲೇ ಪ್ರಾಣ ಬಿಡುವ ಹಾಗೆ ತಿದ್ದಿದರು. ಸಂಘಕ್ಕೆ ಪೂರ್ಣ ತೃಪ್ತಿಯಾಯಿತು. ಹೊನ್ನಾಳಿಯ ಸರ್ವಮಂಗಳಮ್ಮ ಎಂಬುವರು ಮೂರ್ಛೆ ಹೋದರು. ಎರಡನೇ ಸಲ ಮೂರ್ಛೆ ಹೋಗಲು ಮತ್ತೆ ಟಿಕೆಟ್ ತೆಗೆದುಕೊಂಡರು.

ತೊಂದರೆ ಶುರುವಾಗಿದ್ದು ಗೋವಿನಕೋವಿಯಿಂದ ನಿಂಗರಾಜ್ ಫೋನ್ ಮಾಡಿದಾಗ. ಅವನ ಮಗಳು ನೇತ್ರಾವತಿಯ ನಾಮಕರಣದಲ್ಲಿ ಊದಿದ್ದ ರಸೂಲ್, "ಇವಳ ಮದುವೆಗೂ ನಾನೇ" ಎಂದು ಮಾತು ಕೊಟ್ಟಿದ್ದರು. ಮದುವೆ ಮುಂದಿನ ಗುರುವಾರ.

"ರಸೂಲಣ್ಣ, ಬ್ಯಾಡ ಬಿಡ್ರಿ," ಎಂದ ನಿಂಗರಾಜ್. "ಸತ್ತೋರು ಬಂದು ಊದಿದ್ರೆ ಬೀಗರು ಏನಂತಾರೆ?"

"ಸತ್ತೋನು ಫೋನ್ ಎತ್ತುತಾನೇನಪ್ಪಾ?"

"ನಾನೇ ಕಣ್ಣಾರೆ ನೋಡೀನಿ ಕಣಣ್ಣ, ಮುಂದಿನ ಸಾಲಲ್ಲೇ ಕುಂತಿದ್ದೆ. ಸಂಘದ ಕಾಗದ ಇದ್ರೆ ತರ್ರಿ, ನೋಡಾನ."

ಇಪ್ಪತ್ತೆರಡು ವರ್ಷದ ಮಾತು ಹೋಗುತ್ತದಲ್ಲಾ ಎಂದು ರಸೂಲ್ ಕ್ಲಾರಿನೆಟ್ ಬಗಲಿಗೇರಿಸಿದರು. ಅವರು ಚಪ್ಪಲಿ ಮೆಟ್ಟಿದ್ದೇ ತಡ, ಹೆಂಡತಿ ರಹಮತ್‌ಬೀ ಅಡುಗೆಮನೆಯಿಂದ ಕೂಗಿದಳು: "ದಿವಂಗತರೇ, ಚನ್ನಗಿರಿಗೆ ಹೋಗಾದಾದ್ರೆ ಬರ್ತಾ ಕೊತ್ತಂಬರಿ ತಗಂಡ್ ಬರ್ರಿ!"

ಚನ್ನಗಿರಿಯ ಒಂದು ಜೆರಾಕ್ಸ್ ಅಂಗಡಿಯೇ ಸಂಘದ ಕೇಂದ್ರ ಕಚೇರಿ. ಅಧ್ಯಕ್ಷ ಭೀಮೇಶ್ ಎದ್ದು ನಿಂತು, ಗೋಡೆಯ ಮೇಲಿನ ರಸೂಲ್ ಫೋಟೋಗೆ ಕೈಮುಗಿದು, ಆಮೇಲೆ ರಸೂಲ್‌ಗೆ ಸ್ಟೂಲು ತೋರಿಸಿದ.

"ನಿಯಮ ಏಳು ಹಿಂಗೈತೆ: 'ಸಿನಿಮಾಕ್ಕೂ ಮನುಷ್ಯನಿಗೂ ವ್ಯತ್ಯಾಸ ಕಂಡುಬಂದಲ್ಲಿ ಮನುಷ್ಯನನ್ನು ತಿದ್ದತಕ್ಕದ್ದು.' ನಾವೇನು ಮಾಡಾಕಾಗ್ತೈತೆ ಹೇಳ್ರಿ?"

ರಸೂಲ್ ಕ್ಲಾರಿನೆಟ್ ತೆಗೆದು ಊದಿ ತೋರಿಸಿದರು. ಭೀಮೇಶ್ ಮುಖ ಹುಳ್ಳಗೆ ಮಾಡಿದ. "ಸಿನಿಮಾದಾಗೆ ಇದಕ್ಕಿಂತ ಚಲೋ ಇತ್ತು."

"ಅದನ್ನೂ ಊದಿದ್ದು ನಾನೇ ಕಣಪ್ಪಾ!"

"ಅದು ಸಾಯೋ ಸೀನು ಕಣಣ್ಣ, ಅದಕ್ಕೇ ಜೀವ ಇತ್ತು."

ಕೊನೆಗೆ ಮೂರು ಅರ್ಜಿಯಲ್ಲಿ ಇತ್ಯರ್ಥವಾಯಿತು: ಬದುಕಿರುವುದಕ್ಕೆ ವಿಷಾದ ಪತ್ರ, ಅಭಿಮಾನಿಗಳ ಕಣ್ಣೀರನ್ನು ವ್ಯರ್ಥ ಮಾಡುವುದಿಲ್ಲವೆಂಬ ಮುಚ್ಚಳಿಕೆ, ಒಂದು ದಿನದ ಮಟ್ಟಿಗೆ ಉಸಿರಾಡಲು ಪರವಾನಗಿ. ಷರತ್ತು ಒಂದೇ, ಕೊನೆಯಲ್ಲಿ ಮೂರು ಸಲ ಕೆಮ್ಮಬೇಕು.

"ಎರಡು ಕೆಮ್ಮಿದ್ರೆ ನಡೆಯಾದಿಲ್ವಾ?"

"ಮೂರನೇದು ಜಗಳೂರು ಶಾಖೇದು. ಅವ್ರು ಬಿಟ್ಟುಕೊಡಾಕಿಲ್ಲ."

ಗುರುವಾರ ಗೋವಿನಕೋವಿಯ ಚಪ್ಪರದಲ್ಲಿ ಬ್ಯಾನರ್ ಏರಿತು: "ದಿವಂಗತ ರಸೂಲ್ ಅವರ ಸ್ಮರಣಾರ್ಥ, ರಸೂಲ್ ಅವರಿಂದ ಕ್ಲಾರಿನೆಟ್." ಅವರು ಊದಿದರು, ಕೆಮ್ಮಿದರು. ಮೂರನೇ ಕೆಮ್ಮಿಗೆ ಜಗಳೂರಿನ ಕರ್ಚೀಫುಗಳು ತೊಪ್ಪೆಯಾದವು. ನೇತ್ರಾವತಿ ತಾಳಿ ಕಟ್ಟಿಸಿಕೊಳ್ಳುತ್ತಲೇ ಬಿಕ್ಕಿದಳು. ಬೀಗರು, "ಸತ್ರೂ ಮಾತು ಉಳಿಸ್ಕಂಡ್ರು ನೋಡ್ರಿ, ದೊಡ್ಡ ಮನ್ಷ," ಎಂದು ಮೆಚ್ಚಿದರು. ಊಟಕ್ಕೆ ರಸೂಲ್ ಅವರನ್ನು ಅವರದೇ ಫೋಟೋ ಪಕ್ಕ ಕೂರಿಸಲಾಯಿತು. ಹೋಳಿಗೆಯನ್ನು ಮೊದಲು ಫೋಟೋಗೆ ಬಡಿಸಿದರು.

ಈ ಕೊನೆ ನಾನು ಕಟ್ಟಿದ್ದು. ಅಸಲಿಗೆ ಅವರು ಫೋನಿನಲ್ಲೇ ನಿಂಗರಾಜನಿಗೆ ಚೆನ್ನಾಗಿ ಬೈದು, ಗುರುವಾರ ನೆಟ್ಟಗೆ ಹೋಗಿ ಊದಿ, ಉಂಡು, ಮನೆಗೆ ಹೋದರು. ಮೊದಲು ಹಾಗೇ ಬರೆದಿದ್ದೆ. ಓದಿದವರು ತೃಪ್ತಿಯಾಗಲಿಲ್ಲ ಅಂದರು.