ಎಂಟು ಕಾಲಿನ ಊಟದ ಮೇಜು

ಸ್ಕ್ರೂ ಕಾಣಿಸಬಾರದು, ಸ್ಟೂಲು ಅಲುಗಬಾರದು, ಷಡ್ಡಕ ಬಾಯಿ ಬಿಡಬಾರದು! ಭಾನುವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನಾನು ಈ ಘನ ಸಂಕಲ್ಪ ಮಾಡಿಬಿಟ್ಟಿದ್ದೆ.

ನಮ್ಮ ಊಟದ ಮೇಜಿಗೆ ಇರುವುದು ನಾಲ್ಕೇ ಕುರ್ಚಿ. ಅಂದು ಮಧ್ಯಾಹ್ನ ಊಟಕ್ಕೆ ಅತ್ತೆ, ಹೆಂಡತಿಯ ಅಕ್ಕ, ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಬರುವವರಿದ್ದರು. ನಾವಿಬ್ಬರೂ ಸೇರಿದರೆ ಒಬ್ಬರಿಗೆ ಜಾಗವಿಲ್ಲ. ಪಕ್ಕದ ಮನೆಯಿಂದ ಕುರ್ಚಿ ತರೋಣವೆಂದು ಹೆಂಡತಿ ಹೇಳಿದ್ದೇ ತಡ, ನನ್ನ ಸ್ವಾಭಿಮಾನ ಎದ್ದು ನಿಂತಿತು. ಷಡ್ಡಕ ತನ್ನ ದುಬಾರಿ ಪಾಕೆಟ್ ಹೋಲ್ ಜಿಗ್ ಎಂಬ ಮರಗೆಲಸದ ಸಾಧನದಿಂದ ಮನೆ ತುಂಬ ಕಪಾಟು ಮಾಡಿಕೊಂಡು, ಅಗ್ಗದ ಜಿಗ್ಗೆಲ್ಲ ಮಕ್ಕಳ ಆಟಿಕೆ ಎಂದು ನನ್ನೆದುರು ಮೀಸೆ ತಿರುವಿದ್ದ. ನಾನು ಹಟಕ್ಕೆ ಅಗ್ಗದ್ದನ್ನೇ ತರಿಸಿದ್ದೆ. ಜಿಗ್ಗಿನ ಪರೀಕ್ಷೆಯೂ ಆಯಿತು, ಅತ್ತೆಗೊಂದು ಸ್ಟೂಲೂ ಆಯಿತು!

ಜಿಗ್ಗಿನ ಕೆಲಸ ಸರಳ. ಅದನ್ನು ಹಲಗೆಗೆ ಬಿಗಿದು, ಅದರ ಕೊಳವೆಯೊಳಗೆ ಬೈರಿಗೆ ಇಳಿಸಿದರೆ ಮರದಲ್ಲಿ ಓರೆ ತೂತು ಬೀಳುತ್ತದೆ. ಸ್ಕ್ರೂ ಅದರೊಳಗೆ ಜೇಬಿನಲ್ಲಿಟ್ಟ ಪೆನ್ನಿನಂತೆ ಅಡಗಿ ಕೂರುತ್ತದೆ. ಬೈರಿಗೆ ಹೆಚ್ಚು ಆಳಕ್ಕೆ ಇಳಿಯದಂತೆ ಅದಕ್ಕೊಂದು ಉಕ್ಕಿನ ಉಂಗುರ. ಬೇರೆ ಜಾಗವಿಲ್ಲದ್ದರಿಂದ ಊಟದ ಮೇಜೇ ನನ್ನ ಕಾರ್ಖಾನೆಯಾಯಿತು. ಹೆಂಡತಿ ಈರುಳ್ಳಿ ಹೆಚ್ಚುತ್ತಲೇ ಇಣುಕಿ ನೋಡಿದಳು.

"ರೀ, ಆ ಉಂಗುರ ಮೇಲಕ್ಕೆ ಜಾರ್ತಾ ಇದೆ."

"ನಮ್ಮ ಮದುವೆ ಉಂಗುರಾನೂ ಜಾರ್ತಿತ್ತು. ಸಂಸಾರ ನಿಂತಿಲ್ವಾ?"

"ಅದನ್ನ ನಿಲ್ಲಿಸಿರೋದು ನಾನು," ಎಂದು ಅವಳು ಒಳಗೆ ಹೋದಳು.

ಕೂರುವ ಹಲಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ತೂತು ಕೊರೆದ ನಾಲ್ಕು ಕಾಲು ಪಟ್ಟಿಗಳನ್ನು ಅದರ ಮೇಲೆ ನಿಲ್ಲಿಸಿ ಸ್ಕ್ರೂ ಇಳಿಸಿದೆ. ಅತ್ತೆ ಕೂರುವ ಜಾಗ, ಇರಲಿ ಎಂದು ಪ್ರತಿಯೊಂದನ್ನೂ ಇನ್ನಷ್ಟು ತಿರುವಿದೆ. ಆಮೇಲೆ ಆಕಾಶ ನೋಡುತ್ತಿದ್ದ ಕಾಲೊಂದನ್ನು ಹಿಡಿದು ಜಗ್ಗಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ! ವಿಡಿಯೋ ಮಾಡಿ ಷಡ್ಡಕನಿಗೆ ಕಳಿಸಿದೆ. ದಾರಿಯಲ್ಲಿದ್ದೇವೆ, ನೆಟ್ಟಗೆ ನಿಲ್ಲಿಸಿ ಕೂತು ತೋರಿಸಿ ಎಂದು ಉತ್ತರ ಬಂತು.

ಸ್ಟೂಲು ಎತ್ತಿದೆ. ಮೇಜೂ ಎದ್ದಿತು.

ಉಂಗುರ ಜಾರಿದ್ದರಿಂದ ತೂತುಗಳು ಆಳವಾಗಿ, ಸ್ಕ್ರೂಗಳು ಹಲಗೆ ದಾಟಿ ಮೇಜಿನ ಹೊಟ್ಟೆಗೇ ಇಳಿದಿದ್ದವು. ಬಿಚ್ಚೋಣವೆಂದರೆ, ನಾನು ತಿರುವಿದ ರಭಸಕ್ಕೆ ಅವುಗಳ ತಲೆ ಸವೆದು ನುಣ್ಣಗಾಗಿತ್ತು. ಅಷ್ಟರಲ್ಲಿ ಹೆಂಡತಿ ಬಿಸಿ ಪಾತ್ರೆ ಹಿಡಿದು ಬಂದಳು.

"ಅದನ್ನ ಇಳಿಸಿ, ಪಾತ್ರೆ ಇಡ್ಬೇಕು."

"ಇಳಿಯಲ್ಲ."

"ಯಾಕೆ?"

"ಜಿಗ್ಗು ತುಂಬಾ ಚೆನ್ನಾಗಿದೆ."

ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಪಾತ್ರೆಯನ್ನು ನೆಟ್ಟಗೆ ನಿಂತ ನಾಲ್ಕು ಕಾಲುಗಳ ನಡುವೆ ತೂರಿಸಿಟ್ಟಳು. ಹೊರಗೆ ಕರೆಗಂಟೆ ಸದ್ದಾಯಿತು.

ಬಂದವರೂ ಹೆಂಡತಿಯೂ ಕುರ್ಚಿಗಳನ್ನು ಗೋಡೆಗೆ ಸರಿಸಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟು ಊಟ ಮಾಡಿದರು. ಐದನೆಯವನಾದ ನಾನು ಬಡಿಸುವ ನೆಪದಲ್ಲಿ ನಿಂತೇ ಇದ್ದೆ. ಷಡ್ಡಕ ಮೇಜನ್ನು ಸುತ್ತು ಹಾಕಿ, ಬಗ್ಗಿ ನೋಡಿ, ತುಟಿ ಕಚ್ಚಿಕೊಂಡು ಕೂತ. ಹೇಳಿದಂತೆಯೇ ಆಯಿತಲ್ಲ! ಸ್ಕ್ರೂ ಕಾಣಿಸಲಿಲ್ಲ, ಸ್ಟೂಲು ಅಲುಗಲಿಲ್ಲ, ಷಡ್ಡಕ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಅತ್ತೆ. ಕೈ ತೊಳೆದು ಬಂದವರು ಒಂದು ಕಾಲನ್ನು ಅಲುಗಾಡಿಸಿ ನೋಡಿ, ಮೆಚ್ಚುಗೆಯಿಂದ ತಲೆದೂಗಿದರು.

"ಗಟ್ಟಿಯಾಗೇ ಮಾಡಿದ್ದೀರಿ ಅಳಿಯಂದ್ರೇ. ಕೂತ್ಕೋಬೇಕು ಅಂದ್ರೆ ಮನೇನ ಒಂಚೂರು ತಲೆಕೆಳಗು ಮಾಡ್ಬೇಕು, ಅಷ್ಟೇ."